ನಮ್ಮ ಮನೆಯ ಪ್ರಜಾಪ್ರತಿನಿಧಿ ಸಭೆ

ನನಗೊಂದು ಕೆಟ್ಟ ಚಾಳಿ ಇದೆ. ಕೂತುಕೊಂಡು ಏನನ್ನೂ ಕೇಳಲು ನನಗೆ ಬರುವುದಿಲ್ಲ. ಏನಾದರೂ ಬೇಕು ಎನಿಸಿದ ಕೂಡಲೇ ಕಾಲು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆ. ಅರ್ಧ ದೋಸೆಗೇ ಚಟ್ನಿ ಮುಗಿಯಿತು. ಬೇರೆಯವರಾದರೆ ಕೂತಲ್ಲಿಂದಲೇ ಕೈ ಆಡಿಸಿ ಕರೆಯುತ್ತಾರೆ. ನಾನು ಎದ್ದು ನಿಂತೆ, ಸೆರಗು ಸರಿಮಾಡಿಕೊಂಡೆ, ಒಮ್ಮೆ ಕೆಮ್ಮಿದೆ, "ಸ್ವಲ್ಪ ಚಟ್ನಿ ಬೇಕಾಗಿತ್ತು" ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದೆ. ಗಲ್ಲಾದಲ್ಲಿದ್ದವರು ಗಾಬರಿಯಾಗಿ ತಾವೂ ಎದ್ದರು.

"ಯಾಕ್ರೀ ಅಮ್ಮಾರೆ, ದೋಸೆ ಸರಿ ಇಲ್ಲೇನ್ರಿ? ಅರ್ಧಕ್ಕೇ ಎದ್ರಿ?"

"ದೋಸೆ ಚೆನ್ನಾಗೈತ್ರೀ. ಚಟ್ನಿ ಕೇಳಾಕೆ ಎದ್ದೆ."

"ಚಟ್ನಿ ಕೇಳಾಕೆ ಯಾರಾದ್ರೂ ಎದ್ ನಿಲ್ತಾರೇನ್ರೀ?"

ನಿಲ್ಲುತ್ತಾರೆ. ನಮ್ಮ ಮನೆಯವರೆಲ್ಲ ನಿಲ್ಲುತ್ತಾರೆ. ನಾನು ಸೊರಬದ ಶಾಲೆಯಲ್ಲಿ ಟೀಚರಾಗಿದ್ದಾಗ ಸ್ಟಾಫ್ ಮೀಟಿಂಗಿನಲ್ಲಿ ಫ್ಯಾನ್ ಹಾಕಿ ಎಂದು ಹೇಳುವುದಕ್ಕೂ ನಿಲ್ಲುತ್ತಿದ್ದೆ. ಫೋನಿನಲ್ಲಿ ಗ್ಯಾಸ್ ಬುಕ್ ಮಾಡುವಾಗಲೂ ನಿಲ್ಲುತ್ತೇನೆ. "ಅವರಿಗೆ ನೀನು ಕಾಣಲ್ಲ ಮಾರಾಯ್ತಿ, ಕೂತ್ಕೊ" ಎಂದು ನಮ್ಮ ಯಜಮಾನರು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಾಗಿದ್ದಾರೆ. ಈ ಚಾಳಿ ನನಗೆ ಅಂಟಿದ್ದು ಮೈಸೂರು ಮಹಾರಾಜರ ಕಾಲದ ಒಂದು ಸಭೆಯಿಂದ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಕೇಳಿ.

ನಮ್ಮ ಮುತ್ತಜ್ಜ, ಅಂದರೆ ಅಪ್ಪನ ಅಜ್ಜ, ಪ್ರಜಾಪ್ರತಿನಿಧಿ ಸಭೆಯ ಮೆಂಬರಾಗಿದ್ದ. ಬ್ರಿಟಿಷರ ಕೆಳಗೆ ಮಹಾರಾಜರು ರಾಜ್ಯವಾಳುತ್ತಿದ್ದ ಕಾಲದಲ್ಲಿ ತಾಲ್ಲೂಕು ತಾಲ್ಲೂಕಿನಿಂದ ಆರಿಸಿ ಬಂದವರು ಮೈಸೂರಿನಲ್ಲಿ ಸೇರಿ, ದಿವಾನರ ಎದುರು ತಮ್ಮ ತಮ್ಮ ಊರಿನ ಅಹವಾಲು ಹೇಳಿಕೊಳ್ಳುವ ಸಭೆ ಅದು. ಹೇಳಿಕೊಳ್ಳಬಹುದಿತ್ತು, ಅಷ್ಟೆ. ಮಾಡಿ ಎಂದು ಹಟ ಹಿಡಿಯುವ ಹಾಗಿರಲಿಲ್ಲ. ಸಭೆ ಬಹಳ ಕಾಲ ಬಾಳಿತು, ನಿಜ. ನಮ್ಮ ಮುತ್ತಜ್ಜನ ಮೆಂಬರ್‌ಗಿರಿ ಮಾತ್ರ ಅಲ್ಪಾಯುಷಿ. ಇವನು ಆರಿಸಿಹೋಗಿ ಕೋಟಿನ ಗುಂಡಿ ಅಭ್ಯಾಸವಾಗುವಷ್ಟರಲ್ಲಿ ಸ್ವಾತಂತ್ರ್ಯ ಬಂತು. ಸ್ವಲ್ಪ ದಿನಕ್ಕೆ ಸಭೆಯನ್ನೇ ಮುಚ್ಚಿದರು.

ಆರಿಸಿಹೋದದ್ದೂ ದೊಡ್ಡ ಸಾಹಸದಿಂದೇನಲ್ಲ. ಆಗ ಎಲ್ಲರಿಗೂ ಓಟಿರಲಿಲ್ಲ. ಇಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಎಂದು ಕಟ್ಟಳೆಯಿತ್ತು. ನಮ್ಮೂರಿನಲ್ಲಿ ಓಟಿದ್ದವರೆಲ್ಲ ಬಂದರೂ ನಮ್ಮ ಪಡಸಾಲೆ ತುಂಬುತ್ತಿರಲಿಲ್ಲವಂತೆ. ಮುತ್ತಜ್ಜನನ್ನು ನಿಲ್ಲಿಸಿದ್ದು ಅವನ ಗಂಟಲಿಗಾಗಿ. ನಮ್ಮೂರು ಶಿಕಾರಿಪುರ ತಾಲ್ಲೂಕಿನ ಕೊನೆಯ ಊರು. ಊರಾಚೆ ಒಂದು ಹಳ್ಳ. ಹಳ್ಳ ದಾಟಿದರೆ ಸೊರಬ ತಾಲ್ಲೂಕು. ಮುತ್ತಜ್ಜ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಹೊಲದಲ್ಲಿದ್ದ ಎತ್ತುಗಳು ಕಿವಿ ನಿಮಿರಿಸುತ್ತಿದ್ದವಂತೆ. ಇಂಥವನು ಕೂಗಿದರೆ ದಿವಾನರಿಗೆ ಕೇಳದೆ ಇರುತ್ತದೆಯೇ ಎಂದು ಊರವರ ಲೆಕ್ಕಾಚಾರ. ಇನ್ನೊಂದು ಕಾರಣವೂ ಇತ್ತು: ಉಡುತಡಿಯ ನಮ್ಮ ನೆಂಟರ ಮನೆಯಲ್ಲಿ ಒಂದು ಮುಚ್ಚುಗೊರಳಿನ ಕೋಟಿತ್ತು. ಕೋಟು ಸಿಗುವವನೇ ಮೆಂಬರಾಗಲಿ ಎಂದರು. ಆ ನೆಂಟ ದಢೂತಿ ಮನುಷ್ಯ, ಮುತ್ತಜ್ಜ ನರಪೇತಲ. ಕೋಟಿನೊಳಗೆ ಇನ್ನೊಬ್ಬ ಮೆಂಬರನ್ನು ಕೂರಿಸಬಹುದಿತ್ತು ಎಂದು ಮುತ್ತಜ್ಜಿ ಸಾಯುವವರೆಗೂ ಆಡಿಕೊಂಡಳು.

ಶಿಕಾರಿಪುರದವರೆಗೆ ಗಾಡಿ, ಶಿವಮೊಗ್ಗಕ್ಕೆ ಬಸ್ಸು, ಅಲ್ಲಿಂದ ರೈಲು. ಹೀಗೆ ಮುತ್ತಜ್ಜ ದಸರೆಗೆ ಮೈಸೂರು ಸೇರಿದ. ಸಭೆಯಲ್ಲಿ ಒಂದೊಂದೇ ತಾಲ್ಲೂಕಿನ ಹೆಸರು ಕೂಗುತ್ತಿದ್ದರಂತೆ. ಕೂಗಿದ ತಾಲ್ಲೂಕಿನವರು ಎದ್ದು ನಿಂತು ಹೇಳಬೇಕು. ಶಿಕಾರಿಪುರ ಎಂದು ಕೂಗಿದಾಗ ಮುತ್ತಜ್ಜ ಎದ್ದು ಹಳ್ಳಕ್ಕೆ ಸೇತುವೆ ಬೇಕು ಎಂದ. ಮಳೆಗಾಲ ಬಂತೆಂದರೆ ಹೆರಿಗೆಯ ಹೆಂಗಸನ್ನು ಆಚೆ ದಾಟಿಸಲಿಕ್ಕಾಗುವುದಿಲ್ಲ, ಹೆಣವನ್ನೂ ಈಚೆ ತರಲಿಕ್ಕಾಗುವುದಿಲ್ಲ ಎಂದ. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಕೂತ. ಸ್ವಲ್ಪ ಹೊತ್ತಿಗೆ ಸೊರಬ ಎಂದು ಕೂಗಿದರು. ಸೊರಬದ ಮೆಂಬರು ಪೇಟೆ ನೋಡಲು ಹೋಗಿದ್ದನೋ ಏನೋ, ಯಾರೂ ಏಳಲಿಲ್ಲ. ನಮ್ಮ ಮುತ್ತಜ್ಜ ಮತ್ತೆ ಎದ್ದ. ಮತ್ತೆ ಅದೇ ಸೇತುವೆ.

"ನೀವು ಶಿಕಾರಿಪುರದವರಲ್ಲವೆ?" ಎಂದರಂತೆ ಮೇಲಿನಿಂದ.

"ಹೌದು ಸ್ವಾಮಿ. ಆವಾಗ ಈಚೆ ದಡದ್ದು ಹೇಳ್ದೆ. ಈಗ ಆಚೆ ದಡದ್ದು ಹೇಳ್ತಾ ಇದೀನಿ. ಒಂದೇ ದಡಕ್ಕೆ ಸೇತುವೆ ಕಟ್ಟಾಕಾಗಲ್ಲಲ್ಲ?"

ಸಭೆಯೆಲ್ಲ ನಕ್ಕಿತಂತೆ. ಇದು ನಡೆದದ್ದೇ ಹೌದೋ, ನಮ್ಮ ಮನೆಯಲ್ಲಿ ಬೆಳೆದದ್ದೋ, ನಾನು ಪ್ರಮಾಣ ಮಾಡಲಾರೆ. ಇಷ್ಟಂತೂ ನಿಜ: ಆ ತಪ್ಪಿಗಾಗಿ ಸೊರಬದ ಕಡೆಯವರೂ ಮುತ್ತಜ್ಜನನ್ನು ತಮ್ಮ ಮೆಂಬರು ಎಂದೇ ಕರೆದರು. ಹಳ್ಳದಾಚೆಯ ಉಳವಿಯಿಂದ ಜನ ದೂರು ಹೊತ್ತು ಇವನ ಹತ್ತಿರ ಬರುತ್ತಿದ್ದರು. ನಿಮ್ಮ ಮೆಂಬರ ಹತ್ತಿರ ಹೋಗ್ರಪ್ಪ ಎಂದು ಹೇಳುವ ಜಾಯಮಾನ ಇವನದಲ್ಲ. ಎಲ್ಲರದನ್ನೂ ಕೇಳಿಕೊಂಡ, ಮುಂದಿನ ದಸರೆಗೆ ಹೇಳ್ತೀನಿ ಎಂದ. ಅಷ್ಟರಲ್ಲಿ ಸಭೆಯೇ ಇಲ್ಲ.

ಯೋಚನೆ ಮಾಡಿ ನೋಡಿ. ಹೊಟ್ಟೆಯಲ್ಲಿ ಎರಡು ತಾಲ್ಲೂಕಿನ ಅಹವಾಲು, ಹೇಳಲು ಜಾಗವಿಲ್ಲ. ಬೇರೆಯವರಾಗಿದ್ದರೆ ಹೊಲ ನೋಡಿಕೊಂಡು ಸುಮ್ಮನಿರುತ್ತಿದ್ದರು. ಮುತ್ತಜ್ಜ ಏನು ಮಾಡಿದ ಗೊತ್ತೆ? ಆ ವರ್ಷ ವಿಜಯದಶಮಿಯ ಮಾರನೆಯ ದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದ. ಮನೆಯವರನ್ನೆಲ್ಲ ಚಾಪೆಯ ಮೇಲೆ ಕೂರಿಸಿದ. "ಮೈಸೂರಾಗೆ ಮುಚ್ಚಿದ್ರೆ ಮುಚ್ಚಿಕೊಳ್ಳಿ. ನಮ್ಮನ್ಯಾಗೆ ಮುಚ್ಚಿಲ್ಲ" ಎಂದ. ಅಲ್ಲಿಂದ ಇಲ್ಲಿಯವರೆಗೆ ಒಂದು ವರ್ಷವೂ ತಪ್ಪದೆ ನಮ್ಮ ಮನೆಯ ಸಭೆ ನಡೆದಿದೆ. ಮುತ್ತಜ್ಜ ಹೋದ ಮೇಲೆ ಕುರ್ಚಿಗೆ ಅಜ್ಜ ಬಂದ, ಆಮೇಲೆ ಅಪ್ಪ, ಈಗ ಚಿಕ್ಕಪ್ಪ ರುದ್ರಪ್ಪ.

ಈ ಸಭೆಯನ್ನು ನಾನು ಕಂಡಿದ್ದೇನೆ, ಅನುಭವಿಸಿದ್ದೇನೆ, ಇದರ ಮುಂದೆ ಅತ್ತಿದ್ದೇನೆ. ಮಕ್ಕಳು ಮರಿ ಎಲ್ಲರೂ ಏನು ಬೇಕಾದರೂ ಕೇಳಬಹುದು. ಆದರೆ ಎದ್ದು ನಿಲ್ಲಬೇಕು, ಕೈ ಕಟ್ಟಬಾರದು, ಗೋಳಾಡಬಾರದು. ಸೈಕಲ್ ಬೇಕು ಎಂದು ನಾನು ಎಷ್ಟು ವರ್ಷ ನಿಂತೆನೋ! "ಪರಿಶೀಲಿಸಲಾಗುವುದು" ಎಂದು ಮುತ್ತಜ್ಜ ಗಂಭೀರವಾಗಿ ಹೇಳುತ್ತಿದ್ದ. ಆ ದೊಡ್ಡ ಶಬ್ದ ಕೇಳಿದರೆ ಸಿಕ್ಕೇಬಿಟ್ಟಿತು ಎಂದು ನನಗೆ ಖುಷಿ. ಅದು ಇಲ್ಲ ಎನ್ನುವುದರ ಮರ್ಯಾದೆಯ ರೂಪ ಎಂದು ತಿಳಿಯುವಷ್ಟರಲ್ಲಿ ನನಗೆ ಸೈಕಲ್ಲಿನ ವಯಸ್ಸೇ ದಾಟಿತ್ತು. ನನ್ನ ತಮ್ಮ ಮಂಜು ಒಮ್ಮೆ ಮಂಗ ಸಾಕಬೇಕು ಎಂದು ಅಹವಾಲು ಸಲ್ಲಿಸಿದ. "ಮನ್ಯಾಗೆ ಈಗಾಗಲೇ ಒಂದೈತಿ" ಎಂದು ಅದೊಂದಕ್ಕೆ ಮಾತ್ರ ಮುತ್ತಜ್ಜ ಪರಿಶೀಲನೆಯಿಲ್ಲದೆ ಉತ್ತರ ಕೊಟ್ಟ.

ಮಕ್ಕಳಾಟ ಮುಗಿದ ಮೇಲೆ ದೊಡ್ಡವರ ವಿಷಯ: ಯಾವ ಹೊಲಕ್ಕೆ ಏನು ಬಿತ್ತುವುದು, ಎಲ್ಲಿ ಬಾವಿ ತೋಡಿಸುವುದು, ಯಾವುದನ್ನು ಮಾರುವುದು. ಅದಕ್ಕೆ ಕೈ ಎತ್ತಿಸುತ್ತಿದ್ದರು. ಇಲ್ಲಿ ಮುತ್ತಜ್ಜ ಮೈಸೂರಿನ ಕಟ್ಟಳೆಯನ್ನು ಹಾಗೆಯೇ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಕಂದಾಯ ಕಟ್ಟುವವರು ಮಾತ್ರ ಕೈ ಎತ್ತಬೇಕು. ಪಹಣಿಯಲ್ಲಿ ಹೆಸರಿರುವುದು ಗಂಡಸರದು, ಹಾಗಾಗಿ ಕೈ ಎತ್ತುವವರೂ ಗಂಡಸರೇ. ಹೆಂಗಸರು ಅಡುಗೆಮನೆ ಬಾಗಿಲಲ್ಲಿ ಗುಂಪಾಗಿ ನಿಂತು ನೋಡುವರು. ನಮ್ಮ ಅಜ್ಜಿ ನೀರೊಲೆಗೆ ಹೊಗೆಗೂಡು ಬೇಕೆಂದು ಕೆಮ್ಮುತ್ತಲೇ ಕೇಳಿದಳು, ಕೆಮ್ಮುತ್ತಲೇ ಹೋದಳು. ಅದೂ ಪರಿಶೀಲನೆಯಲ್ಲಿತ್ತು. ಕೈ ಎಣಿಸಿದ ಮೇಲೆ ಮಾತ್ರ ಎರಡು ಮಾತಿಲ್ಲ. ಎಣಿಸಿ ಹೇಳಿದ್ದನ್ನು ಮೀರಿದವರು ನಮ್ಮ ಮನೆಯಲ್ಲಿ ಇವತ್ತಿನವರೆಗೆ ಇಲ್ಲ. ಮೆಂಬರ್ ಮನೆ ಎನ್ನುವ ಹೆಸರಿಗೆ ಅಷ್ಟು ಹೆದರಿಕೆ.

ಟೀಚರಾದ ಮೇಲೆ ನಾನು ಮುತ್ತಜ್ಜ ಹೋಗಿದ್ದ ಸಭೆಯ ವಿಷಯವನ್ನು ಒಂದಿಷ್ಟು ಓದಿಕೊಂಡೆ. ಓದಿ ನನಗೆ ಮೈಯೆಲ್ಲ ಉರಿಯಿತು. ಮೈಸೂರಿನ ಆ ಸಭೆಗೆ ಕಡೆಕಡೆಗೆ ಹೆಂಗಸರೂ ಓಟು ಹಾಕಬಹುದಿತ್ತು! ಕಂದಾಯ ಇರಬೇಕಿತ್ತು, ಅದು ಸರಿ. ಆದರೆ ಹೆಂಗಸು ಎನ್ನುವ ಕಾರಣಕ್ಕೆ ಬೇಡ ಎಂದು ಮಹಾರಾಜರ ಸರ್ಕಾರವೂ ಹೇಳಿರಲಿಲ್ಲ. ನಮ್ಮ ಮುತ್ತಜ್ಜ ಕಟ್ಟಳೆ ಹೇರಿಕೊಂಡು ಬರುವಾಗ ಅಷ್ಟನ್ನು ದಾರಿಯಲ್ಲಿ ಬೀಳಿಸಿಕೊಂಡು ಬಂದಿದ್ದಾನೆ. ಬೇಕೆಂದೇ ಬೀಳಿಸಿದನೋ, ಆ ದೊಗಲೆ ಕೋಟಿನ ಗಡಿಬಿಡಿಯಲ್ಲಿ ಬಿತ್ತೋ, ಕೇಳೋಣವೆಂದರೆ ಅವನಿಲ್ಲ.

ಈಗ ನೀಲತ್ತೆಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಹೇಳಿದ್ದೇ ಅವಳಿಗಾಗಿ.

ನೀಲತ್ತೆ ನಮ್ಮಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಉಳವಿಗೆ ಕೊಟ್ಟಿದ್ದರು. ಮದುವೆಯಾಗಿ ಸ್ವಲ್ಪ ವರ್ಷಕ್ಕೇ ಮಾವ ತೀರಿಕೊಂಡ. ಮಕ್ಕಳಿರಲಿಲ್ಲ. ಅತ್ತೆ ಹಳ್ಳ ದಾಟಿ ತವರಿಗೆ ಬಂದಳು. ಬಂದವಳು ಅಡುಗೆಮನೆಯ ಮೂಲೆ ಹಿಡಿಯುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಹಿಡಿದದ್ದು ರಸ್ತೆಯ ಮೂಲೆ. ಆಗಿನ್ನೂ ಸೇತುವೆಯಿಲ್ಲ. ಶಿಕಾರಿಪುರದ ಬಸ್ಸು ನಮ್ಮ ಕಣದ ಹತ್ತಿರ ಬಂದು ತಿರುಗುತ್ತಿತ್ತು. ಸೊರಬದ ಬಸ್ಸು ಆಚೆ ದಡದಲ್ಲಿ ತಿರುಗುತ್ತಿತ್ತು. ಜನ ಇಳಿದು, ಹಳ್ಳ ದಾಟಿ, ಆ ಬಸ್ಸು ಹತ್ತಬೇಕು. ಕಾಯುವವರು ನಮ್ಮ ಕಣದಲ್ಲೇ ಬಿಸಿಲಲ್ಲಿ ಕೂತಿರುತ್ತಿದ್ದರು. ಅತ್ತೆ ಯಾರನ್ನೂ ಕೇಳಲಿಲ್ಲ. ಕಣದ ಮೂಲೆಯಲ್ಲಿ ನಾಲ್ಕು ಗಳ ನೆಟ್ಟಳು, ಮೇಲೆ ಸೋಗೆ ಹೊದಿಸಿದಳು, ಒಲೆ ಹೂಡಿ ಚಹಾಕ್ಕೆ ನೀರಿಟ್ಟಳು. ಮಾರನೆಯ ದಿನಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಮೆಂಬರ್ ಮನೆಯ ಹೆಣ್ಣುಮಗಳು ರಸ್ತೆಯಲ್ಲಿ ಬಜ್ಜಿ ಕರಿಯುವುದೆ? ಅಜ್ಜ ಕೆಂಡವಾದ. ಅಪ್ಪ ಮುಖ ಊದಿಸಿಕೊಂಡ. ಮುತ್ತಜ್ಜ ಮಾತ್ರ ಕೋಲೂರಿಕೊಂಡು ಕಣಕ್ಕೆ ಹೋದ, ಕಲ್ಲಿನ ಮೇಲೆ ಕೂತ, "ಏನವ್ವಾ, ಒಂದ್ ಚಾ ಕೊಡು" ಎಂದ. ಕುಡಿದು, "ಸಕ್ರಿ ಕಡಿಮಿ ಆತು" ಎಂದು ಹೇಳಿ ಬಂದ. ಅಲ್ಲಿಗೆ ಮಂಜೂರಾದ ಹಾಗೆ. ಅವತ್ತಿನಿಂದ ಅದು ಮೆಂಬರ್ ಹೋಟ್ಲು, ಅತ್ತೆ ಮೆಂಬರಮ್ಮ. ಬಸ್ಸಿನವರು ನಮ್ಮೂರ ಹೆಸರು ಹೇಳುವುದನ್ನೇ ಬಿಟ್ಟು "ಮೆಂಬರ್ ಹೋಟ್ಲು ಇಳೀರಿ" ಎಂದು ಕೂಗತೊಡಗಿದರು.

ನಾನು ಹೈಸ್ಕೂಲಿನಲ್ಲಿದ್ದಾಗ ಸೇತುವೆ ಬಂತು. ಮುತ್ತಜ್ಜ ಆಗ ಇರಲಿಲ್ಲ. ಬಸ್ಸು ನೇರವಾಗಿ ಸೊರಬಕ್ಕೆ ಹೋಗುವಂತಾಯಿತು. ಇನ್ನು ಕಾಯುವವರೇ ಇಲ್ಲ, ಹೋಟ್ಲು ಮುಚ್ಚಿದ ಹಾಗೇ ಎಂದು ಮನೆಯಲ್ಲಿ ಒಳಗೊಳಗೇ ಸಮಾಧಾನಪಟ್ಟರು. ಬಸ್ಸಿನವರು ಮುಚ್ಚಲು ಬಿಡಲಿಲ್ಲ. ಸೇತುವೆ ಬಂದರೂ ಬಜ್ಜಿ ತಿನ್ನದೆ ಹಳ್ಳ ದಾಟುವುದಿಲ್ಲ ಎಂದು ಡ್ರೈವರುಗಳು ಅಲ್ಲೇ ಬ್ರೇಕ್ ಹಾಕಿದರು. ಬಳ್ಳಿಗಾವಿ ದೇವಸ್ಥಾನ ನೋಡಲು ಬಂದವರು ದಾರಿ ತಪ್ಪಿಯಾದರೂ ಬಂದು ತಿಂದುಹೋಗುತ್ತಿದ್ದರು. ಸೋಗೆ ಹೋಗಿ ಹೆಂಚು ಬಂತು, ಹೆಂಚು ಹೋಗಿ ತಗಡು ಬಂತು. ಅತ್ತೆ ಮಾತ್ರ ಅದೇ. ಈಗ ಎಪ್ಪತ್ತು ದಾಟಿದ್ದಾಳೆ, ಇನ್ನೂ ಮೊದಲ ಬಸ್ಸಿಗೆ ಒಲೆ ಉರಿಯುತ್ತಿರುತ್ತದೆ.

ಆದರೆ ಸೇತುವೆ ಬಂದ ಮೇಲೆ ರಸ್ತೆ ಅಗಲವಾಯಿತು. ರಸ್ತೆ ಅಗಲವಾದ ಮೇಲೆ ನಮ್ಮ ಕಣದ ಮೇಲೆ ಹತ್ತು ಜನರ ಕಣ್ಣು ಬಿತ್ತು. ಈ ವರ್ಷ ದಸರೆಗೆ ಮುಂಚೆ ಚಿಕ್ಕಪ್ಪ ಫೋನ್ ಮಾಡಿದ.

"ನೋಡವ್ವಾ, ಕಣ ಮಾರಬೇಕು ಅಂತ ಮಾಡೇವಿ. ಪೆಟ್ರೋಲ್ ಬಂಕಿನೋರು ಕೇಳ್ಯಾರೆ. ನಮ್ಮ ಕಿರಣನೂ ಅವರ ಜೊತಿ ಪಾಲಿಗೆ ಸೇರತಾನಂತೆ. ಸಭಿಗೆ ಬಾ, ಹೋಳಿಗಿ ಐತಿ."

"ಅತ್ತೆ ಹೋಟ್ಲು?"

"ಬಂಕಿನ ಹಿಂದುಗಡೆ ಒಂದು ಗೂಡಂಗಡಿ ಹಾಕಿಸಿಕೊಡ್ತೀನಿ ಅಂದೀನಿ. ಅಕ್ಕಗೂ ವಯಸ್ಸಾತು. ಎಷ್ಟು ದಿನ ಅಂತ ಹೊಗಿ ಕುಡೀತಾಳೆ?"

ಚಿಕ್ಕಪ್ಪ ಕೆಟ್ಟವನಲ್ಲ. ಮೊಣಕಾಲು ನೋವು, ಗದ್ದೆಗಿಳಿಯಲು ಆಗುವುದಿಲ್ಲ. ಮಗ ಕಿರಣನಿಗೆ ಗದ್ದೆ ಎಂದರೆ ಅಲರ್ಜಿ. ಅಕ್ಕನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವನು ನಿಜವಾಗಿ ನಂಬಿದ್ದ. ಅದೇ ನೋಡಿ ಕಷ್ಟ. ಕೆಟ್ಟವರ ಜೊತೆ ಜಗಳವಾಡಬಹುದು, ಒಳ್ಳೆಯವರ ಜೊತೆ ಹೇಗೆ ಆಡುವುದು?

ನಾನು ಮಾರನೆಯ ದಿನವೇ ಬಸ್ಸು ಹತ್ತಿ ಅತ್ತೆಯ ಹತ್ತಿರ ಹೋದೆ. ಅವಳು ಕಡಲೆಹಿಟ್ಟು ಕಲಸುತ್ತಿದ್ದಳು. ಕಾನೂನಿನಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ, ನಿನ್ನ ಸಹಿ ಇಲ್ಲದೆ ಅವರು ಮಾರಲಾರರು, ಬೇಕಾದರೆ ವಕೀಲರನ್ನು ನೋಡೋಣ ಎಂದೆ. ನನ್ನ ಪಾಂಡಿತ್ಯವನ್ನೆಲ್ಲ ನಿಂತುಕೊಂಡೇ ಸುರಿದೆ.

"ಕೂತ್ಕಾ" ಎಂದಳು. "ವಕೀಲರ ಕಡೆ ಹೋದ್ರೆ ಜಾಗ ಸಿಗತೈತಿ, ಗೊತ್ತು. ತಮ್ಮ ಸಿಗಲ್ಲ. ಆ ಪಡಸಾಲಿ ಸಿಗಲ್ಲ. ನಂಗೆ ಎರಡೂ ಬೇಕು. ನಾನು ಕೋರ್ಟಾಗೆ ಗೆಲ್ಲಲ್ಲ, ನಮ್ಮನ್ಯಾಗೇ ಗೆಲ್ತೀನಿ."

"ಅಲ್ಲಿ ನಿಂಗೆ ಕೈಯೇ ಇಲ್ಲಲ್ಲತ್ತೆ!"

ಅತ್ತೆ ಹಿಟ್ಟು ಮೆತ್ತಿದ ಬಲಗೈಯನ್ನು ಮೇಲೆತ್ತಿ ನನ್ನ ಮುಖದ ಮುಂದೆ ಹಿಡಿದಳು. "ಇದೇನು ಹಂಗಾರೆ? ಇಷ್ಟು ವರ್ಷ ಏನೂ ಕೇಳಿಲ್ಲ ನಾನು. ಈ ಸಲಾನೂ ಕೇಳಲ್ಲ. ಕೈ ಎತ್ತತೀನಿ, ಅಷ್ಟೆ. ಎಣಿಸೋದು ಅವನ ಕೆಲಸ."

ಬಜ್ಜಿ ಕೊಟ್ಟಳು. ತಿಂದೆ. ಅವಳ ಮುಖದಲ್ಲಿ ಕೋಪವಿರಲಿಲ್ಲ, ದುಃಖವಿರಲಿಲ್ಲ. ನಾಳೆಗೆ ಎಷ್ಟು ಹಾಲು ಬೇಕು ಎಂದು ಯೋಚಿಸುವಾಗ ಇರುವಂಥದೇ ಮುಖ. ನನಗೆ ಮಾತ್ರ ಹೆದರಿಕೆಯಾಯಿತು. ಎಣಿಸದೆ ಹೋದರೆ ಈ ಮುದುಕಿ ಏನು ಮಾಡುತ್ತಾಳೆ? ತವರಿನ ಆ ಹೊಸಿಲನ್ನು ಮತ್ತೆ ತುಳಿಯುತ್ತಾಳೆಯೇ?

ವಿಜಯದಶಮಿಯ ದಿನ ಸಂಜೆ ಬನ್ನಿ ಕೊಟ್ಟು ಕಾಲು ಮುಟ್ಟಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮಾರನೆಯ ದಿನ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಹೂರಣ ರುಬ್ಬುವ ಸಡಗರ. ನಾನು, ಅಮ್ಮ, ಅತ್ತೆ, ಮಂಜುವಿನ ಹೆಂಡತಿ ರೇಖಾ, ಒಲೆಯ ಮುಂದೆ ಚಿಕ್ಕಪ್ಪನ ಹೆಂಡತಿ ಸುಮಾ ಚಿಕ್ಕಮ್ಮ. ಯಾರೂ ಕಣದ ಮಾತೆತ್ತಲಿಲ್ಲ. ಅತ್ತೆ ಕಣಕ ನಾದುತ್ತಾ ಒಂದೇ ಮಾತು ಹೇಳಿದಳು: "ನಾನು ಕೈ ಎತ್ತತೀನಿ ಇವತ್ತು. ಯಾರಿಗೂ ಎತ್ರಿ ಅನ್ನಲ್ಲ." ಅಮ್ಮ ಕೋಸಂಬರಿಗೆ ಉಪ್ಪು ಹಾಕುವುದನ್ನು ಮರೆತಳು. ಚಿಕ್ಕಮ್ಮ ಕಾವಲಿ ಕಡೆಯೇ ನೋಡುತ್ತಿದ್ದಳು.

ಸಭೆ ಬೇಗ ಮುಗಿಯುತ್ತದೆ ಎಂದು ಚಿಕ್ಕಪ್ಪನಿಗೆ ಎಷ್ಟು ಧೈರ್ಯವೆಂದರೆ, ಪಡಸಾಲೆಯಲ್ಲಿ ಮೊದಲೇ ಎಲೆ ಹಾಕಿಸಿದ್ದ. ತಾನು ಕುರ್ಚಿಯಲ್ಲಿ ಕೂತ, ಮೊಣಕಾಲಿನ ಕಾರಣಕ್ಕೆ ಎಲೆ ಅವನ ಎದುರಿನ ಸ್ಟೂಲಿನ ಮೇಲೆ. ಕಿರಣ, ಮಂಜು ಕೆಳಗೆ ಎಲೆಯ ಮುಂದೆ. ನಾವು ಹೆಂಗಸರು ಅಡುಗೆಮನೆ ಬಾಗಿಲಲ್ಲಿ. ಚಿಕ್ಕಪ್ಪ ಬಂಕಿನ ವಿಷಯವನ್ನು ಚೆನ್ನಾಗಿ ವಿವರಿಸಿದ. ಅಕ್ಕನ ಗೂಡಂಗಡಿಯನ್ನೂ ಮರೆಯಲಿಲ್ಲ.

"ಸರಿ. ಮಾರಾಕೆ ಒಪ್ಪಿಗಿ ಇದ್ದೋರು ಕೈ ಎತ್ರಿ."

ತಾನು ಎತ್ತಿದ. ಕಿರಣ ಎತ್ತಿದ. ಮಂಜು ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದ. ಒರೆಸಿದ ಎಲೆಯನ್ನೇ ಮತ್ತೆ ಒರೆಸಿದ. ನನ್ನ ತಮ್ಮ ಬಾಲ್ಯದಿಂದಲೂ ಹಾಗೆಯೇ, ಮಂಗ ಕೇಳುವಾಗ ಇದ್ದ ಧೈರ್ಯ ಆಮೇಲೆ ಬರಲೇ ಇಲ್ಲ.

"ಬ್ಯಾಡ ಅನ್ನೋರು?"

"ನಾನು" ಎಂದಳು ಅತ್ತೆ. ಬಲಗೈ ಮೇಲಿತ್ತು.

ಚಿಕ್ಕಪ್ಪ ನಕ್ಕ. "ಏ ಅಕ್ಕಾ, ತಮಾಷಿ ಮಾಡಬ್ಯಾಡ. ನಿಂಗೆ ಕಂದಾಯ ಎಲ್ಲೈತಿ?"

"ಕಂದಾಯ ಇಲ್ಲ ರುದ್ರ. ಕೈ ಐತಿ. ಎಣಿಸು."

ನನಗೆ ತಡೆಯಲಾಗಲಿಲ್ಲ. ನಿಂತೇ ಇದ್ದೆನಾದ್ದರಿಂದ ಎದ್ದು ನಿಲ್ಲುವ ಕೆಲಸ ಉಳಿಯಿತು. ಮೈಸೂರಿನ ಸಭೆಗೆ ಹೆಂಗಸರೂ ಓಟು ಹಾಕುತ್ತಿದ್ದರು ಚಿಕ್ಕಪ್ಪ, ನಮ್ಮ ಮುತ್ತಜ್ಜ ಅರ್ಧ ಕಟ್ಟಳೆ ಮಾತ್ರ ತಂದ ಎಂದು ಶುರುಮಾಡಿದೆ. "ಟೀಚರಮ್ಮನ ಪಾಠ ಊಟ ಆದ ಮ್ಯಾಲೆ" ಎಂದು ಅವನು ಕೈಯಾಡಿಸಿದ. ಸಿಟ್ಟು ನೆತ್ತಿಗೇರಿತು. ಪಾಠ ನಿಲ್ಲಿಸಿದೆ, ಕೈ ಎತ್ತಿದೆ. ಪಕ್ಕದಲ್ಲಿ ಏನೋ ಅಲುಗಾಡಿತು. ನೋಡಿದರೆ ಅಮ್ಮ! ಅಪ್ಪ ಕುರ್ಚಿಯಲ್ಲಿದ್ದಷ್ಟು ವರ್ಷವೂ ಈ ಬಾಗಿಲಲ್ಲಿ ತುಟಿ ಬಿಚ್ಚದೆ ನಿಂತಿದ್ದವಳು. ಅವಳ ಕೈ ಕಿವಿಯ ಮಟ್ಟಕ್ಕೆ ಬಂದು ನಿಂತು, ಮತ್ತೆ ಪೂರ್ತಿ ಮೇಲೆ ಹೋಯಿತು. ಹಿಂದೆಯೇ ರೇಖಾ ಎತ್ತಿದಳು. ಮಂಜು ಎಲೆ ಒರೆಸುವುದನ್ನು ನಿಲ್ಲಿಸಿದ.

"ಒಪ್ಪಿಗಿ ಎರಡು, ಬ್ಯಾಡ ಅನ್ನೋರು ಕಂದಾಯದಾಗೆ ಯಾರೂ ಇಲ್ಲ. ಪಾಸಾತು" ಎಂದ ಚಿಕ್ಕಪ್ಪ, ನಮ್ಮ ಕಡೆ ನೋಡದೆ. "ಬಡಿಸ್ರಿ ಇನ್ನ."

ಯಾರೂ ಅಲುಗಾಡಲಿಲ್ಲ.

"ಬಡಿಸ್ರೇ, ಹೊಟ್ಟಿ ಹಸದೈತಿ."

"ಹೆಂಗೆ ಬಡಿಸೋದೋ?" ಎಂದಳು ಅತ್ತೆ. "ಬಲಗೈ ಮ್ಯಾಲೈತಿ. ಎಡಗೈಯಾಗೆ ಬಡಿಸಿದ್ರೆ ಉಣ್ತೀಯೇನು?"

ದೇವರಾಣೆ, ಇದನ್ನು ನಾವು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅತ್ತೆಗೂ ಆ ಕ್ಷಣದಲ್ಲೇ ಹೊಳೆದದ್ದು. ಎಡಗೈಯಲ್ಲಿ ಅನ್ನ ಬಡಿಸುವುದು ನಮ್ಮಲ್ಲಿ ಶತ್ರುವಿಗೂ ಮಾಡುವ ಕೆಲಸವಲ್ಲ. ಹಬ್ಬದ ಮಾರನೆಯ ದಿನ ಮನೆಯ ಯಜಮಾನನಿಗೆ ಬಡಿಸುವುದುಂಟೇ? ಬಲಗೈ ಇಳಿಸೋಣವೆಂದರೆ ಎಣಿಸದೆ ಇಳಿಸುವುದು ಹೇಗೆ?

ಕಿರಣನಿಗೆ ತಾನು ಕಾಲೇಜು ಓದಿದವನು ಎಂದು ನೆನಪಾಗಿರಬೇಕು. "ಅದಕ್ಕೇನಂತೆ, ನಾನೇ ಬಡಿಸ್ತೀನಿ" ಎಂದು ಎದ್ದು ಬಂದ. ಬಾಗಿಲಲ್ಲಿ ನಾಲ್ಕು ಜನ. ಅತ್ತ ಸರಿದ, ಇತ್ತ ಸರಿದ. ದೊಡ್ಡಮ್ಮನನ್ನು, ಅತ್ತೆಯನ್ನು ತಳ್ಳಿಕೊಂಡು ಹೋಗುವಷ್ಟು ಅವನು ಕಲಿತಿರಲಿಲ್ಲ. ವಾಪಸು ಹೋಗಿ ಕೂತ.

ಚಿಕ್ಕಪ್ಪನಿಗೆ ಇನ್ನೊಂದು ಭರವಸೆಯಿತ್ತು. "ಏ ಸುಮಾ! ನೀನಾದ್ರೂ ತಗಂಡ್ ಬಾರೆ ಹೋಳಿಗಿ!" ಎಂದು ಒಳಕ್ಕೆ ಕೂಗಿದ.

ಚಿಕ್ಕಮ್ಮ ಬಂದಳು. ಬಲಗೈಯಲ್ಲಿ ಹೋಳಿಗೆಯ ತಟ್ಟೆ, ಮುಖದ ಮೇಲೆ ಹಿಟ್ಟು. ತುಪ್ಪದ ಪರಿಮಳ ಪಡಸಾಲೆಯವರೆಗೆ ಹೋಯಿತು. ನಾವು ದಾರಿ ಬಿಟ್ಟೆವು. ಗಂಡ ಮಗ ಹಸಿದು ಕೂತಿದ್ದಾರೆ, ಬಂಕಿನ ಪಾಲು ಬರುವುದು ಅವಳ ಮನೆಗೇ, ಅವಳನ್ನು ತಡೆಯಲು ನಾವು ಯಾರು? ಅವಳು ಹೊಸಿಲವರೆಗೆ ಹೋದಳು, ನಿಂತಳು, ಅತ್ತೆಯ ಮುಖ ನೋಡಿದಳು. ಚಿಕ್ಕಮ್ಮ ಎರಡು ಹೆಜ್ಜೆ ಹಿಂದಕ್ಕೆ ಬಂದು ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಎತ್ತಿದಳು.

"ನೀನೂನಾ?" ಎಂದ ಚಿಕ್ಕಪ್ಪ.

"ಹ್ಞೂಂರೀ, ನಾನೂನು. ಆ ಮನಿಶಿ ಬಿಸಿಲು ಮಳಿ ಅನ್ನದೆ ಕಟ್ಟಿದ್ದು ಅದು. ಎಣಿಸ್ರಿ ಲಗೂನ, ಹೋಳಿಗಿ ಆರತೈತಿ."

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿ ಕೂತ. ಎಣಿಸಿದರೆ ಮುಗಿಯಿತು ಎಂದು ಅವನಿಗೆ ಗೊತ್ತು. ನಮಗೂ ಗೊತ್ತು. ಹಾಗಾಗಿ ಅವನು ಎಣಿಸುವುದಿಲ್ಲ, ನಾವು ಇಳಿಸುವುದಿಲ್ಲ. ಕೈ ಎತ್ತಿ ಎಂದು ಮಕ್ಕಳಿಗೆ ಹೇಳಿ ನನಗೆ ಗೊತ್ತಿತ್ತೇ ಹೊರತು ಎತ್ತಿ ಗೊತ್ತಿರಲಿಲ್ಲ. ಭುಜ ಕಿತ್ತುಬರತೊಡಗಿತು. ಅತ್ತೆ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟುಕೊಂಡಳು, ಇಳಿಸಲಿಲ್ಲ. ಇಳಿಸಬೇಡ ಅತ್ತೆ, ಇಳಿಸಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೊರಗೆ ಬಸ್ಸೊಂದು ಬಂದು ನಿಂತು, ಹೋಟ್ಲು ಮುಚ್ಚಿರುವುದು ಕಂಡು ಒಮ್ಮೆ ಹಾರ್ನ್ ಹಾಕಿ ಹೋಯಿತು.

ಚಿಕ್ಕಪ್ಪ ಈ ಕಡೆ ತಿರುಗಿದ. ಅಕ್ಕನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ.

"ಒಂದು" ಎಂದ.

ಆಮೇಲೆ ಅಮ್ಮನ ಕಡೆ ನೋಡಿ ಎರಡು ಎಂದ. ನಾನು, ರೇಖಾ. ಹೆಂಡತಿಯ ಹತ್ತಿರ ಬಂದಾಗ ಸ್ವಲ್ಪ ತಡೆದ. ಅವಳು ಕೈಯನ್ನು ಇನ್ನೂ ಮೇಲಕ್ಕೆತ್ತಿದಳು. "ಐದು. ಬ್ಯಾಡ ಅನ್ನೋವೇ ಹೆಚ್ಚಾದ್ವು. ಕಣ ಮಾರೋದಿಲ್ಲ" ಎಂದ. ಎಣಿಸಿದ್ದನ್ನು ನುಂಗಿಕೊಳ್ಳುವವನಲ್ಲ ನಮ್ಮ ಚಿಕ್ಕಪ್ಪ. ಆ ಮಟ್ಟಿಗೆ ಅವನೂ ಮೆಂಬರ ಮೊಮ್ಮಗನೇ.

ನನಗೆ ಅಳು ಬಂತು. ಅಮ್ಮ ಅಳುತ್ತಲೇ ಇದ್ದಳು. ಇಷ್ಟೇ ಆಗಿದ್ದರೆ ಇಷ್ಟು ವರ್ಷ ಯಾಕೆ ಸುಮ್ಮನೆ ನಿಂತೆವು ಎಂದು ಸಂತೋಷದ ನಡುವೆಯೇ ಸಿಟ್ಟೂ ಬಂತು. ಅತ್ತೆ ಕೈ ಇಳಿಸಿ, ಭುಜ ನೀವಿಕೊಂಡು, ಹೋಳಿಗೆಯ ತಟ್ಟೆ ಎತ್ತಿಕೊಂಡಳು. ಮೊದಲ ಹೋಳಿಗೆ ಚಿಕ್ಕಪ್ಪನ ಎಲೆಗೆ ಹಾಕಿ, ಅವನು ಸಾಕು ಎನ್ನುವವರೆಗೆ ತುಪ್ಪ ಸುರಿದಳು. ಅವನು ಸಾಕು ಎನ್ನಲಿಲ್ಲ.

ಆಗ ನನ್ನ ತಮ್ಮ ಮಂಜು, ಎಲ್ಲ ಮುಗಿದ ಮೇಲೆ, ಮೆಲ್ಲಗೆ ಬಲಗೈ ಎತ್ತಿದ. "ಅತ್ತೆ, ನಂದೂ ಬ್ಯಾಡ ಅಂತಾನೇ ಇತ್ತು" ಎಂದ.

ಅತ್ತೆ ಅವನ ಎಲೆಯ ಮುಂದೆ ಬಂದು ನಿಂತಳು.

"ಇಳಿಸೋ ಮಾರಾಯ" ಎಂದಳು. "ನಿಂದು ಬೇಕಾಗ್ಲಿಲ್ಲ. ನಮ್ಮವೇ ಸಾಕಾದ್ವು."